ನಾಯಿಗೆ ಐಸ್‌ಕ್ರೀಮ್ ತಿನಸೋದು ಪ್ರೀತಿ ಅಲ್ರೀ

ಬ್ಯಾಸಗಿ ಬಂತಂದ್ರ ಸಾಕು, ನಮ್ಮ ಓಣ್ಯಾಗ ಮಕ್ಕಳು ತಿಂದು ಬಿಟ್ಟ ಐಸ್‌ಕ್ರೀಮ್ ಕಪ್ಪು ನಾಯಿ ಬಾಯಿಗೇ ಹೋಗೋದು. "ಪಾಪ, ಅದಕ್ಕೂ ಸೆಕಿ ಆಗ್ತದ, ಎರಡು ಚಮಚ ತಿಂದ್ರ ಏನಾಗ್ತದ?" ಅಂತೀರಿ. ವೈನಿ, ಕಾಕು, ನಿಮ್ಮ ಕರುಳು ದೊಡ್ಡದು, ಒಪ್ಪತೀನಿ. ಆದ್ರ ಈ ಮಾತು ಒಪ್ಪಂಗಿಲ್ಲ.

ಮೊದಲು ಸೆಕಿ ಮಾತು. ನಾಯಿ ನಮ್ಮಂಗ ಮೈತುಂಬ ಬೆವರಂಗಿಲ್ಲ. ನಾಲಿಗಿ ಹೊರಗ ಹಾಕಿ ತೇಕಿ ಮೈ ತಂಪು ಮಾಡಿಕೊಳ್ತದ. ಅದಕ್ಕ ಬೇಕಾದದ್ದು ನೆರಳು, ನೀರು. ಸಕ್ಕರಿ, ಜಿಡ್ಡು ಅಲ್ಲ.

ಇನ್ನ ಹಾಲು. ದೊಡ್ಡದಾದ ನಾಯಿಗೆ ಹಾಲಿನೊಳಗಿನ ಲ್ಯಾಕ್ಟೋಸ್ ಅರಗಿಸೋ ಶಕ್ತಿ ಕಡಿಮಿ. "ನಮ್ಮಜ್ಜಿ ಹಾಲು-ರೊಟ್ಟಿ ಹಾಕಿ ಸಾಕಲಿಲ್ಲೇನು?" ಅಂತ ಕೇಳ್ತೀರಿ. ಸಾಕಿದ್ರು. ಕೆಲವಕ್ಕ ಒಗ್ಗತದ, ಕೆಲವಕ್ಕ ಹೊಟ್ಟಿ ಕೆಡತದ. ಆದ್ರ ಅಜ್ಜಿ ಹಾಲಿನಾಗ ಚಾಕೊಲೇಟ್ ಇರಲಿಲ್ಲ, ಒಣದ್ರಾಕ್ಷಿ ಇರಲಿಲ್ಲ. ಚಾಕೊಲೇಟಿನ ಥಿಯೋಬ್ರೊಮಿನ್ ನಾಯಿ ಮೈಯಿಂದ ಲಗೂನ ಹೊರಗ ಹೋಗಂಗಿಲ್ಲ, ಎದಿ ಬಡಿತ ಏರಸ್ತದ. ಒಣದ್ರಾಕ್ಷಿ ಮೂತ್ರಪಿಂಡಾನ ಕೆಡಸ್ತದ. ಇಷ್ಟು ತಿಂದ್ರ ನಡೀತದ ಅನ್ನೋ ಲೆಕ್ಕನ ಇಲ್ಲ.

ಎಲ್ಲಾಕಿಂತ ಅಂಜಿಕಿ ನನಗ ಶಾಣ್ಯಾರದ. "ಮಾವನೋರಿಗೆ ತಂದ ಶುಗರ್‌ಫ್ರೀ ಹಾಕ್ತೀವಿ, ಅದರಾಗ ಸಕ್ಕರೀನ ಇಲ್ಲ" ಅಂತಾರ. ಅದರಾಗ ಝೈಲಿಟಾಲ್ ಇದ್ರ? ಮಾವನೋರಿಗೆ ಅದು ನಡೀತದ, ನಾಯಿಗೆ ಅದು ವಿಷ. ಮೈಯಾಗ ಒಮ್ಮೆಲೇ ಇನ್ಸುಲಿನ್ ಉಕ್ಕಿ, ತಾಸಿನೊಳಗ ರಕ್ತದ ಸಕ್ಕರಿ ಇಳಿದು ನಾಯಿ ತೂರಾಡಿ ಬೀಳಬಹುದು. ಮುಂದ ಯಕೃತ್ತೂ ಕೆಡಬಹುದು. ಎಲ್ಲಾ ಶುಗರ್‌ಫ್ರೀದಾಗೂ ಇದು ಇರಂಗಿಲ್ಲ, ಖರೆ. ಡಬ್ಬಿ ಮ್ಯಾಲೆ ಸಣ್ಣ ಅಕ್ಷರದಾಗ ಸಿಹಿಕಾರಕ 967 ಅಂತ ಇದ್ರ ಅದು ಝೈಲಿಟಾಲೇ. ಓದಲಾರದ ಹಾಕೋದು ಪ್ರೀತಿ ಅಲ್ಲ, ಜೂಜು.

ಕುಲ್ಫಿ ಕಡ್ಡಿನೂ ಅಂಗಳದಾಗ ಒಗೀಬ್ಯಾಡ್ರಿ. ವಾಸನಿಗೆ ನಾಯಿ ಅದನ್ನ ನುಂಗತದ, ಕರುಳಿಗೆ ಚುಚ್ಚತದ.

ತಂಪು ಕೊಡಬೇಕನ್ನಿಸಿದ್ರ ಬೀಜ, ಸಿಪ್ಪಿ ತಗದ ಕಲ್ಲಂಗಡಿ ಎರಡು ಹೋಳು ಕೊಡ್ರಿ. ಒಂದು ಬೋಗೋಣ್ಯಾಗ ತಣ್ಣೀರು ಇಡ್ರಿ. ಇಷ್ಟೆಲ್ಲಾ ಹೇಳಿದ ಮ್ಯಾಲೂ ಯಾರರೆ ಚಾಕೊಲೇಟ್, ಒಣದ್ರಾಕ್ಷಿ, ಶುಗರ್‌ಫ್ರೀ ತಿನಸಿದ್ರ, ಬೆಳಗಾಗಲಿ ಅಂತ ಕಾಯಬ್ಯಾಡ್ರಿ. ಡಬ್ಬಿ ಕೈಯಾಗ ಹಿಡಕೊಂಡು ಪಶು ವೈದ್ಯರ ಕಡೆ ಓಡ್ರಿ. ನಾಯಿಗೆ "ಬ್ಯಾಡ" ಅನ್ನಲಿಕ್ಕೆ ಬರಂಗಿಲ್ಲ. ಅದರ ಪರವಾಗಿ ನಾವ ಅನ್ನಬೇಕು.