ತಲೆಬುರುಡೆಯೂ ಕನ್ನಡದಲ್ಲಿ ಮಾತಾಡಲಿ!

ಕನ್ನಡದ ಗೆಳೆಯರೇ, ಶಿವಮೊಗ್ಗದ ರಾಗಿಗುಡ್ಡದಲ್ಲಿ ನಡೆಯುವಾಗ ಟ್ರಾನ್ಸ್‌ಫಾರ್ಮರ್ ಕಂಡರೆ ಒಮ್ಮೆ ನಿಂತು ನೋಡಿ. ತಲೆಬುರುಡೆ, ಎಲುಬಿನ ಆ ಹಲಗೆಯಲ್ಲಿ 'ಅಪಾಯ' ಎಂದು ಕನ್ನಡದಲ್ಲಿದೆಯೇ? ಇಲ್ಲವಾದರೆ ಅದು ಬರೀ ಉದಾಸೀನವಲ್ಲ, ಕಾನೂನುಭಂಗ! ಇಂಗ್ಲಿಷ್ ಅಥವಾ ಹಿಂದಿಯ ಜೊತೆಗೆ ಜಿಲ್ಲೆಯ ಭಾಷೆ ಇರಲೇಬೇಕೆಂದು 1956ರ ಭಾರತೀಯ ವಿದ್ಯುತ್ ನಿಯಮಗಳೇ ಹೇಳಿದ್ದವು. 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವೂ ಅದನ್ನೇ ಹೇಳಿತು. ಅಂದರೆ ಇಂಗ್ಲಿಷ್, ಹಿಂದಿಗಳಲ್ಲಿ ಒಂದನ್ನು ಬಿಡಬಹುದು. ಇಲ್ಲಿ ಕನ್ನಡವನ್ನು ಬಿಡುವಂತಿಲ್ಲ!

ಇದು ಬರೀ ಅಭಿಮಾನದ ಮಾತಲ್ಲ, ಜೀವದ ಮಾತು. 11 ಸಾವಿರ ವೋಲ್ಟಿನ ಬರಿತಂತಿಯನ್ನು ಮುಟ್ಟಲೇಬೇಕೆಂದಿಲ್ಲ, ಕಬ್ಬಿಣದ ಸರಳು ತೀರಾ ಹತ್ತಿರ ಹೋದರೂ ಕರೆಂಟು ಹಾರಿ ಹಿಡಿಯುತ್ತದೆಂದು ಸೆಂಟ್ರಿಂಗ್ ಕೆಲಸದವನಿಗೆ ಅವನ ಭಾಷೆಯಲ್ಲಿ ಹೇಳಿದವರು ಯಾರು? ಆ ತಂತಿ ಕಟ್ಟಡದಿಂದ ಪಕ್ಕಕ್ಕೆ 1.2 ಮೀಟರ್, ಮೇಲಕ್ಕೆ 3.7 ಮೀಟರ್ ದೂರವಿರಬೇಕೆಂದು ಮನೆ ಕಟ್ಟುವ ಬಡವನಿಗೆ ತಿಳಿಸಿದವರು ಯಾರು?

ನಮ್ಮವರಿಗೂ ಒಂದು ಮಾತು. ರಾಜ್ಯೋತ್ಸವ ಬಂತೆಂದರೆ ಬಾವುಟ, ಫ್ಲೆಕ್ಸ್ ಹಿಡಿದು ಕರೆಂಟ್ ಕಂಬ ಹತ್ತುವವರು ನಾವೇ ಅಲ್ಲವೇ? ಹಸಿ ಬಿದಿರಿನಲ್ಲೂ ಕರೆಂಟು ಹರಿಯುತ್ತದೆ ಕಣ್ರೋ! ಪವರ್‌ಮ್ಯಾನ್ ಕೂಡ ಲೈನ್ ಕ್ಲಿಯರ್ ಪಡೆದು, ತಂತಿ ಪರೀಕ್ಷಿಸಿ, ಅರ್ಥಿಂಗ್ ಮಾಡಿಯೇ ಕೈ ಹಾಕಬೇಕು. ನೀವು ಯಾವ ಧೈರ್ಯದ ಮೇಲೆ ಹತ್ತುತ್ತೀರಿ?

ಕನ್ನಡವಿಲ್ಲದ ಹಲಗೆ ಕಂಡರೆ ಕಂಬದ ನಂಬರ್ ಬರೆದುಕೊಳ್ಳಿ. ಕನ್ನಡದಲ್ಲೇ ಅರ್ಜಿ ಬರೆದು ಮೆಸ್ಕಾಂ ಕಚೇರಿಗೆ ಕೊಡಿ, ಸ್ವೀಕೃತಿ ಕೇಳಿ. ಹಲಗೆ ಬದಲಿಸಲು ನೀವೇ ಹತ್ತಬೇಡಿ, ಅದು ಅವರ ಕೆಲಸ.