ಮೊದಲು ಒಂದು ನೋಟ್‌ಬುಕ್

ಎಂ.ಎಸ್ಸಿ. ಮುಗಿಸಿ, ಬಿ.ಇಡಿ. ಸೇರಿ, ಅಭ್ಯಾಸ ಬೋಧನೆಗೆ ಜನ್ನಾಪುರದ ಶಾಲೆಯೊಂದಕ್ಕೆ ಹೋದಾಗ ಪಾಠಯೋಜನೆ, ಚಾರ್ಟು, ಸ್ಲೈಡು ಎಲ್ಲವೂ ನನ್ನಲ್ಲಿ ಸಿದ್ಧವಿದ್ದವು. ತೇವ, ಆಮ್ಲಜನಕ ಸೇರಿದರೆ ಕಬ್ಬಿಣಕ್ಕೆ ತುಕ್ಕು ಎಂದು ವಿವರಿಸಿದೆ. “ಹಾಗಾದ್ರೆ ಸ್ಟೀಲ್ ಲೋಟಕ್ಕೆ ಯಾಕೆ ಹಿಡಿಯಲ್ಲ ಮಿಸ್?” ಎಂದಳು ಒಬ್ಬ ಹುಡುಗಿ. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯ ಮಗು ಕೇಳಲೇಬೇಕಾದ ಪ್ರಶ್ನೆ! ಯೋಜನೆಯಲ್ಲಿ ಅದಿರಲಿಲ್ಲ, “ಆಮೇಲೆ ಹೇಳ್ತೀನಿ” ಎಂದೆ, ಮರೆತೆ. ನೆನಪಾಗುವಷ್ಟರಲ್ಲಿ ನಮ್ಮ ಬೋಧನಾವಧಿ ಮುಗಿದಿತ್ತು. ಸ್ಟೀಲಿನಲ್ಲಿರುವ ಕ್ರೋಮಿಯಂ ಕಟ್ಟುವ ತೆಳು ಪದರವೇ ಅದನ್ನು ಕಾಯುತ್ತದೆ. ಈ ಒಂದು ವಾಕ್ಯ ಅವಳಿಗೆ ತಲುಪಲೇ ಇಲ್ಲ.

ವಿಶ್ವವಿದ್ಯಾಲಯದಿಂದ ಶಾಲೆಗೆ ಮರಳುವ ನಮಗೆ ಪ್ರೊಜೆಕ್ಟರಿಗಿಂತ ಮೊದಲು ಬೇಕಾದದ್ದು ಪುಟ್ಟದೊಂದು ನೋಟ್‌ಬುಕ್. ಮಗುವಿನ ಹೆಸರು, ಪ್ರಶ್ನೆ ಬರೆದುಕೊಳ್ಳಿ. ಮರುದಿನದ ಪಾಠವನ್ನು ಅಲ್ಲಿಂದಲೇ ಆರಂಭಿಸಿ. ಪಾಠಯೋಜನೆಯ ನಮೂನೆಯಲ್ಲೂ ‘ಉತ್ತರಿಸಬೇಕಾದ ಪ್ರಶ್ನೆಗಳು’ ಎಂಬ ಅಂಕಣವೊಂದಿರಲಿ.