ಕತೆ ಬಿಟ್ಟು ಆಂಬುಲೆನ್ಸ್ ಹತ್ತಿ

‘ಜಿಟಿಎ ಸ್ಯಾನ್ ಆಂಡ್ರಿಯಾಸ್’ 2004ರ ಆಟ. 2013ರ ಡಿಸೆಂಬರಿನಲ್ಲಿ ಮೊಬೈಲಿಗೂ ಬಂತು. ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತು ಇದನ್ನಾಡುವ ಹುಡುಗರನ್ನು ನೋಡಿ ಹಿರಿಯರು ‘ಬರೀ ಹೊಡೆದಾಟ’ ಅಂತಾರೆ. ಮುಖ್ಯ ಕತೆಯ ಮಟ್ಟಿಗೆ ಆ ಮಾತು ಸರಿ. ಅಮ್ಮನ ಸಾವಿನ ಸುದ್ದಿ ಕೇಳಿ ಊರಿಗೆ ಮರಳಿದ ಸಿಜೆ ಮತ್ತೆ ಗ್ಯಾಂಗಿನ ಜಗಳಕ್ಕೆ ಬೀಳ್ತಾನೆ. ದೊಡ್ಡವರಿಗೆಂದೇ ಮಾಡಿದ ಆಟ, ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ.

ಆದರೆ ಕತೆಯನ್ನು ಅಲ್ಲೇ ಬಿಟ್ಟು ಆಂಬುಲೆನ್ಸ್ ಓಡಿಸಬಹುದು. (ಅದನ್ನೂ ಕದ್ದೇ ತರಬೇಕು, ಅದು ಬೇರೆ ಮಾತು.) ಮೊದಲ ಹಂತದಲ್ಲಿ ಒಬ್ಬ ರೋಗಿ, ಎರಡನೆಯದರಲ್ಲಿ ಇಬ್ಬರು, ಹೀಗೆ 12ನೇ ಹಂತಕ್ಕೆ 12 ಮಂದಿ. ಗಾಡಿಯಲ್ಲಿ ಒಮ್ಮೆಗೆ ಮೂವರಿಗಷ್ಟೇ ಜಾಗ. ಗಡಿಯಾರ ಬೇರೆ ಓಡ್ತಿರುತ್ತೆ. ಹತ್ತು ನಿಮಿಷದ ಹಿಂದೆ ಅದೇ ರಸ್ತೆಯಲ್ಲಿ ಜನರ ಮೇಲೆ ಕಾರು ಹರಿಸಿ ನಗ್ತಿದ್ದವನು ಈಗ ಯಾರನ್ನು ಮೊದಲು ಹತ್ತಿಸಿಕೊಳ್ಳಲಿ, ಯಾವ ಅಡ್ಡದಾರಿ ಹತ್ತಿರ ಅಂತ ಲೆಕ್ಕ ಹಾಕ್ತಾನೆ. ಒಟ್ಟು 78 ಜನರನ್ನು ಆಸ್ಪತ್ರೆ ಮುಟ್ಟಿಸಿದರೆ ಸಿಜೆಯ ಹೆಲ್ತ್ ಬಾರ್ ಉದ್ದವಾಗುತ್ತೆ. ಫೈರ್ ಎಂಜಿನ್ನಿನಲ್ಲಿ 12 ಹಂತ ಮುಗಿಸಿದರೆ ಅವನಿಗೆ ಬೆಂಕಿಯೇ ತಾಗಲ್ಲ. ಮಾಡಿದ ಕೆಲಸಕ್ಕೆ ತಕ್ಕ ಕೂಲಿ.

ಎಲ್ಲ ಸೈಡ್ ಮಿಷನ್ನೂ ಇಷ್ಟು ಚೆಂದ ಇಲ್ಲ. ಗೋಡೆಗಳ ಮೇಲಿನ 100 ಗ್ಯಾಂಗ್ ಬರಹ ಹುಡುಕಿ ಬಣ್ಣ ಹೊಡೆಯೋದು, ನೀರಿನಡಿ 50 ಚಿಪ್ಪು ಹೆಕ್ಕೋದು ನನಗಂತೂ ಕಾಲಹರಣ. ಯೂಟ್ಯೂಬ್ ನೋಡ್ಕೊಂಡು ಮುಗಿಸಿದರೆ ಅದರಲ್ಲಿ ಹುಡುಕೋದೇನು ಬಂತು?

ತಕರಾರು ಆಡುವವರ ಮೇಲೂ ಇದೆ. ಚೀಟ್ ಹಾಕಿ ಟ್ಯಾಂಕ್ ತರಿಸ್ಕೊಂಡು, ಅರ್ಧ ಗಂಟೆ ಊರು ಸುಟ್ಟು, ‘ಬೋರು’ ಅಂತ ಫೋನ್ ಇಡ್ತಾರೆ. ಟ್ಯಾಕ್ಸಿ ಓಡಿಸಿ 50 ಗಿರಾಕಿಗಳನ್ನು ಇಳಿಸಿದರೆ ಟ್ಯಾಕ್ಸಿಗಳಿಗೆ ನೈಟ್ರೊ ಸಿಗುತ್ತೆ ಅನ್ನೋದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತು?